ಸಮುದ್ರದ ಏರಿ ಯಾವ ಕಡೆ?

ಮಂಗಳೂರಿನಿಂದ ಕಾರವಾರದವರೆಗೆ ಸಮುದ್ರದ ದಂಡೆ ಹಿಡಿದು ನಡೆಯುತ್ತೇವೆಂದು ಹೊಸಕೋಟೆಯಲ್ಲಿ ಹನ್ನೆರಡು ಜನ ಸೇರಿ ಸಮಿತಿ ಕಟ್ಟಿದೆವು. ಹನ್ನೆರಡು ಜನರಲ್ಲಿ ಒಬ್ಬನೂ ಸಮುದ್ರ ನೋಡಿರಲಿಲ್ಲ. ನೋಡಿದ್ದವನು ಒಬ್ಬ ತಾನಾಗಿ ಬಂದ. ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಕೂತು, ಕಾಫಿ ಕುಡಿದು, ಕೈಯೆತ್ತಿ ಮಾಡಿದ ತಪ್ಪು.

ನಮ್ಮ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ಮಾರನೆಯ ದಿನ ಹೋಟೆಲಿನಲ್ಲಿ ನಗುವ ಮಾತಾಗುತ್ತವೆ, ವಾರ ಕಳೆದರೆ ಮರೆತುಹೋಗುತ್ತವೆ. ಮರೆಯಬಾರದೆಂದೇ ಬರೆಯುತ್ತಿದ್ದೇನೆ. ನಗು ಬಂದರೆ ನಗಿ. ಯಾರನ್ನು ನೋಡಿ ನಗುತ್ತಿದ್ದೀರಿ ಎಂಬುದು ಮಾತ್ರ ತಿಳಿದಿರಲಿ.

ನಾನು ಅಂಗಡಿ ಬೋರ್ಡು ಬರೆಯುವವನು. ಸ್ಕೂಲಿಗೆ ಹೋದದ್ದು ಮೂರು ವರ್ಷ. ಉಳಿದ ಅಕ್ಷರವನ್ನೆಲ್ಲ ಬೇರೆಯವರ ಅಂಗಡಿಯ ನೆತ್ತಿಯ ಮೇಲೆ ಬರೆದು ಬರೆದೇ ಕಲಿತೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಸಮಿತಿಯ ಕಾರ್ಯದರ್ಶಿ ಮಾಡಿದರು. ಅಧ್ಯಕ್ಷರು ದೊಡ್ಡ ಜಮೀನಿನ ಗೌಡರು. ಉಪಾಯ ಹೇಳುವುದಕ್ಕೆ ಶಾನುಭೋಗರು, ಕಾಲು ಎತ್ತಿಸುವುದಕ್ಕೆ ಡ್ರಿಲ್ ಮೇಷ್ಟ್ರು, ಉಳಿದವರು ಕೈ ಎತ್ತುವುದಕ್ಕೆ.

ಯುದ್ಧ ಮುಗಿದ ಮರುವರ್ಷದ ಮಾತು. ಕರಾವಳಿಯ ಕನ್ನಡಿಗರಲ್ಲಿ ಅರ್ಧ ಜನ ಮದ್ರಾಸಿನ ಕೈಯಲ್ಲಿ, ಅರ್ಧ ಜನ ಬೊಂಬಾಯಿಯ ಕೈಯಲ್ಲಿ, ನಾವು ಮೈಸೂರು ಮಹಾರಾಜರ ಕೈಯಲ್ಲಿ. 'ನಾವೆಲ್ಲ ಒಂದೇ' ಎಂದು ಅವರ ಊರೂರಿನ ಮುಂದೆ ನಡೆದು ತೋರಿಸುವುದು ನಮ್ಮ ಉದ್ದೇಶ. ಒಂದೇ! ಆ ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಏರಿ

ಮೊದಲ ಸಭೆ ಸ್ಕೂಲಿನ ಜಗಲಿಯಲ್ಲಿ. ಡ್ರಿಲ್ ಮೇಷ್ಟ್ರು ಮಕ್ಕಳ ಭೂಪಟ ತಂದು ಗೋಡೆಗೆ ನೇತುಹಾಕಿದರು. ನೀಲಿ ಬಣ್ಣದ ಅಂಚಿನ ಮೇಲೆ ಬೆತ್ತ ಓಡಿಸುತ್ತ, "ಹಿಂಗೇ ಹೋಗೋದು. ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟೆ, ಅಂಕೋಲೆ, ಕಾರವಾರ. ಮುಗೀತು," ಎಂದರು. ಬೆತ್ತಕ್ಕೆ ಒಂದು ಉಸಿರೂ ಹಿಡಿಯಲಿಲ್ಲ.

ಶಾನುಭೋಗರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

"ಎಲ್ಲಾ ಸರಿ ಕಣ್ರೀ ಮೇಷ್ಟ್ರೇ. ಏರಿ ಯಾವ ಕಡೆ ಬರುತ್ತೆ?"

ನಮ್ಮದು ಕೆರೆಗಳ ಸೀಮೆ. ನೀರು ಅಂದರೆ ಅದನ್ನು ತಡೆಯುವುದಕ್ಕೊಂದು ಮಣ್ಣಿನ ಏರಿ, ಗದ್ದೆಗೆ ಬಿಡುವುದಕ್ಕೊಂದು ತೂಬು, ಹೆಚ್ಚಾದದ್ದು ಹರಿದು ಹೋಗುವುದಕ್ಕೊಂದು ಕೋಡಿ. ನಮ್ಮೂರ ಕೆರೆ ತುಂಬಿದರೆ ಆಚೆಯ ದಡ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಏರಿ ಇರುವಾಗ ಸಮುದ್ರಕ್ಕೆ ಇಲ್ಲದೆ ಇರುತ್ತದೆಯೇ? ಯಾರೂ ನಗಲಿಲ್ಲ. ನಾನೂ ನಗಲಿಲ್ಲ.

"ಏರಿ ಇಲ್ದೆ ಅಷ್ಟು ನೀರು ನಿಲ್ಲುತ್ತೇನ್ರೀ?" ಎಂದರು ಅಧ್ಯಕ್ಷರು. "ಇದ್ದೇ ಇರುತ್ತೆ. ನಮ್ಮದರ ನಾಲ್ಕರಷ್ಟು ಅಗಲ ಇರುತ್ತೆ. ಬೇಕಾದ್ರೆ ಜೋಡಿ ಗಾಡಿ ಹೋಗ್ಬಹುದು."

"ಕೋಡಿ ಬಿದ್ದಿದ್ರೆ ದಾಟೋದು ಕಷ್ಟ."

"ಬೇಸಿಗೇಲಿ ಯಾವ ಕೋಡಿ ಬೀಳುತ್ತೆ ಬಿಡ್ರೀ ಶಾನುಭೋಗರೇ."

ಒಮ್ಮತದಿಂದ ನಿರ್ಣಯವಾಯಿತು. ನಾನೇ ದುಂಡಗೆ ಬರೆದೆ: 'ಯಾತ್ರೆಯು ಸಮುದ್ರದ ಏರಿಯ ಮೇಲೆ ಸಾಗತಕ್ಕದ್ದು. ಏರಿ ಶಿಥಿಲವಾಗಿರುವ ಕಡೆ ಆಯಾ ಗ್ರಾಮಸ್ಥರು ಮುಂಚಿತವಾಗಿ ಮಣ್ಣು ಹಾಕಿಸತಕ್ಕದ್ದು.'

ಜಗಲಿಯ ಕೆಳಗೆ ಬಿಸಿಲಿನಲ್ಲಿ ನಿಂತಿದ್ದ ಒಬ್ಬ ಕೆಮ್ಮಿದ. ಊರಾಚೆಯ ಕೇರಿಯವನು, ಚಪ್ಪಲಿ ಹೊಲಿಯುವವನು. ಯುದ್ಧದ ಕಾಲದಲ್ಲಿ ಕೂಲಿಪಡೆಗೆ ಸೇರಿ ಯಾವುದೋ ಬಂದರಿನಲ್ಲಿ ಹಡಗಿಗೆ ಮೂಟೆ ಹೊತ್ತು ಬಂದಿದ್ದ. ಊರೆಲ್ಲ ಅವನನ್ನು 'ಮಿಲಿಟರಿ' ಎಂದೇ ಕರೆಯುತ್ತಿತ್ತು. ಕೇರಿಯವರು ಗೌಡರನ್ನು 'ಬುದ್ಧಿ' ಎನ್ನಬೇಕು, ಅದು ರೂಢಿ. ಇವನು ಪಡೆಯಲ್ಲಿ 'ಸಾರ್' ಎನ್ನುವುದನ್ನು ಕಲಿತು ಬಂದಿದ್ದ. ಅಧ್ಯಕ್ಷರಿಗೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ.

"ಸಾರ್, ಸಮುದ್ರಕ್ಕೆ ಏರಿ ಇರಲ್ಲ."

"ಮತ್ತೆ ನೀರು ಹೆಂಗಲಾ ನಿಂತಿದೆ?"

"ಅದು ನಿಂತಿಲ್ಲ ಸಾರ್. ಬತ್ತದೆ, ಹೋಯ್ತದೆ. ದಿನಕ್ಕೆ ಎರಡು ಸಲ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಬೆಳಿಗ್ಗೇನೇ ಕುಡಿದಿದ್ದಾನೆ. ಇದನ್ನ ಬರ್ಕೋಬೇಡ."

ಉಪ್ಪು

ಎರಡನೆಯ ಸಭೆ ದಾರಿಯ ದಿನಸಿಗೆ. ರಾಗಿ ಹಿಟ್ಟು, ಹುರುಳಿ, ಬೆಲ್ಲ, ಒಣಮೆಣಸಿನಕಾಯಿ ಬರೆದು, 'ಉಪ್ಪು' ಎಂದು ಬರೆಯುವಷ್ಟರಲ್ಲಿ ಶಾನುಭೋಗರು ನನ್ನ ಕೈ ತಡೆದರು.

"ಅಷ್ಟು ಉಪ್ಪುನೀರು ಪಕ್ಕದಲ್ಲಿ ಇಟ್ಕೊಂಡು ಉಪ್ಪು ಹೊತ್ಕೊಂಡು ಹೋಗ್ತಾರೇನಯ್ಯಾ? ಅದೇ ನೀರಲ್ಲಿ ಎಸರಿಟ್ರೆ ಹಿಟ್ಟಿಗೂ ಆಯ್ತು, ಸಾರಿಗೂ ಆಯ್ತು."

ಎಲ್ಲರೂ ತಲೆದೂಗಿದರು. ಜಗಲಿಯ ಕೆಳಗಿನಿಂದ ಮಿಲಿಟರಿ ಹೇಳಿದ: "ಉಪ್ಪಿನ ಮಾತು ಹಂಗಿರಲಿ ಸಾರ್. ಕುಡಿಯೋ ನೀರೂ ಹೊತ್ಕೊಂಡು ಹೋಗಬೇಕಾಯ್ತದೆ."

ಅಷ್ಟಕ್ಕೇ ಜಗಲಿ ಬಿದ್ದುಹೋಗುವ ಹಾಗೆ ನಗು. ನೀರಿನ ಪಕ್ಕದಲ್ಲಿ ನೀರು ಹೊರುವುದಂತೆ!

ಡ್ರಿಲ್ ಮೇಷ್ಟ್ರು ಮಾತ್ರ ಪರೀಕ್ಷೆ ಮಾಡಿಯೇ ನೋಡೋಣ ಎಂದರು. ಭಾನುವಾರ ಅವರ ಮನೆಯಲ್ಲಿ ಒಂದು ಗಡಿಗೆ ನೀರಿಗೆ ಉಪ್ಪು ಸುರಿದು, ಸಮುದ್ರ ಇಷ್ಟೇ ಉಪ್ಪಾಗಿರಬಹುದು ಎಂದು ಅಂದಾಜು ಮಾಡಿ, ಅದರಲ್ಲೇ ಹಿಟ್ಟು ತೊಳಸಿದರು. ಅಧ್ಯಕ್ಷರು ಮೊದಲ ತುತ್ತು ನುಂಗಿ, ಕಣ್ಣಲ್ಲಿ ನೀರು ಬಂದರೂ, "ಪರವಾಗಿಲ್ಲ, ರುಚಿಯಾಗಿದೆ," ಎಂದುಬಿಟ್ಟರು. ಅಧ್ಯಕ್ಷರು ರುಚಿಯಾಗಿದೆ ಎಂದ ಮೇಲೆ ಉಳಿದ ಮೂವರು ಎಲೆಯಲ್ಲಿ ಬಿಡುವುದು ಹೇಗೆ? ನಾನೂ ಆ ಮೂವರಲ್ಲಿ ಒಬ್ಬ. ಶಾನುಭೋಗರು ಬೇರೆ ಜಾತಿಯವರ ಅಡಿಗೆ ಉಣ್ಣುವವರಲ್ಲ. ಉಪಾಯ ಅವರದು, ಹೊಟ್ಟೆ ನಮ್ಮದು.

ಸಂಜೆಯೊಳಗೆ ನಾಲ್ವರೂ ಚೊಂಬು ಹಿಡಿದು ಕೆರೆಯ ಕಡೆಗೆ ಓಡಾಡಿದ್ದಕ್ಕೆ ಮಿತಿಯಿಲ್ಲ. ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ಮೇಷ್ಟ್ರ ಹೆಂಡತಿ ಪಕ್ಕದ ಮನೆಯಾಕೆಗೆ ಹೇಳಿದರು:

"ಕಾರವಾರ ಎಷ್ಟು ದೂರ ಅಂತ ನಂಗೊತ್ತಿಲ್ಲ ಕಣಮ್ಮಾ. ಇವರು ಇವತ್ತೇ ಅಷ್ಟು ನಡೆದವ್ರೆ."

ಕಾಲಿನ ಅಳತೆ

ನಡೆಯುವುದಕ್ಕೆ ಗಟ್ಟಿ ಚಪ್ಪಲಿ ಬೇಕು. ಹೊಲಿಯುವವನು ಮಿಲಿಟರಿ. ಅವನ ಕೈ ನಮ್ಮ ಕಾಲಿಗೆ ತಾಗಬಾರದು, ಆದರೆ ಅವನು ಹೊಲಿದದ್ದು ನಮ್ಮ ಕಾಲಿಗೆ ಸರಿಯಾಗಿ ಕೂರಬೇಕು. ಇದಕ್ಕೂ ಒಂದು ಉಪಾಯ ತೆಗೆದರು. ಒಬ್ಬೊಬ್ಬರೂ ಹಳೆಯ ಪತ್ರಿಕೆಯ ಹಾಳೆಯ ಮೇಲೆ ನಿಲ್ಲುವುದು, ಪಾದದ ಸುತ್ತ ನಾನು ಬ್ರಷ್ಷಿನಿಂದ ಗೆರೆ ಎಳೆಯುವುದು, ಆ ಹಾಳೆಯನ್ನು ಅವನಿಗೆ ಕೊಡುವುದು.

ಅಧ್ಯಕ್ಷರು ತಮ್ಮ ಪಾದದ ಗೆರೆ ನೋಡಿದರು. ಆಮೇಲೆ ಡ್ರಿಲ್ ಮೇಷ್ಟ್ರ ಪಾದದ ಗೆರೆ ನೋಡಿದರು. ಮೇಷ್ಟ್ರದು ಅರ್ಧ ಬೆರಳು ಉದ್ದ.

"ನಂದು ಸರಿಯಾಗಿ ಬಂದಿಲ್ಲ ಕಣಯ್ಯಾ. ಇನ್ನೂ ಸ್ವಲ್ಪ ಈಚೆಗೆ ಎಳಿ."

ಎಳೆದೆ. ಎರಡು ಬೆರಳು ಈಚೆಗೆ ಬಂದ ಮೇಲೆ ಅವರಿಗೆ ಸಮಾಧಾನವಾಯಿತು.

ಚಪ್ಪಲಿ ಬಂತು. ಅಧ್ಯಕ್ಷರು ನಾಲ್ಕು ಹೆಜ್ಜೆ ಇಟ್ಟರೆ ಹಿಮ್ಮಡಿಯ ಹಿಂದೆ ಅಟ್ಟೆ ಪಟಪಟ ಎನ್ನುತ್ತಿತ್ತು. "ಏನ್ಲಾ ಹೊಲಿದಿದ್ದೀಯಾ?" ಎಂದು ಗದರಿದರು. ಮಿಲಿಟರಿ ಹಾಳೆ ಬಿಡಿಸಿ ತೋರಿಸಿದ. "ಕಾಲು ನಾನು ನೋಡಿಲ್ಲ ಸಾರ್. ನಂಗೆ ಕೊಟ್ಟಿದ್ದು ಅಧ್ಯಕ್ಷರ ಅಳತೆ."

ಆ ದಿನವೇ ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಹದಿಮೂರು ಜೊತೆ ಹೊಲ್ದಿದೀನಿ ಬೋರ್ಡಿನೋರೇ. ಹದಿಮೂರನೇದು ನಂದು. ನನ್ನ ಹೆಸರೂ ಬರ್ಕೊಳ್ಳಿ."

"ನಿನಗ್ಯಾಕಯ್ಯಾ? ನೀನು ನೋಡಿದೀಯಲ್ಲ ಸಮುದ್ರ."

"ಎಲ್ಲಿ ನೋಡ್ದೆ? ಬೆನ್ನ ಮೇಲೆ ಮೂಟೆ, ಕಣ್ಣು ಹಲಗೆ ಮೇಲೆ. ಕಾಲು ಜಾರಿದ್ರೆ ಬೈಗುಳ. ಅಷ್ಟು ವರ್ಷ ಅದರ ಪಕ್ಕದಲ್ಲೇ ಇದ್ದೆ, ತಲೆ ಎತ್ತಿ ನೋಡಕ್ಕಾಗ್ಲಿಲ್ಲ. ಅಲ್ಲಿ ನಂಗೆ ನಂಬರಿತ್ತು, ಇಲ್ಲಿ ಮಿಲಿಟರಿ ಅಂತೀರಿ. ಒಂದ್ಸಲ ನನ್ನ ಹೆಸರಲ್ಲಿ, ಬರೀ ಕೈ ಬೀಸ್ಕೊಂಡು, ಅದರ ಪಕ್ಕ ನಡೀಬೇಕು. ಅಷ್ಟೇ."

ಹೆಸರು ಕೇಳಿದೆ. ಹೇಳಿದ. ಹದಿಮೂರನೆಯದಾಗಿ ಬರೆದೆ. ನಾನು ಬರೆದ ಅಕ್ಷರಗಳಲ್ಲಿ ಅಷ್ಟು ದುಂಡಗೆ ಬಂದದ್ದು ಬೇರೆ ಇಲ್ಲ.

ಅಭ್ಯಾಸ

ಹೊರಡುವ ಮುಂಚೆ ಕಾಲು ಪಳಗಬೇಕೆಂದು ಸಮೇತನಹಳ್ಳಿಗೆ ನಡೆದು ಹೋಗಿ ನಡೆದೇ ಬರುವುದೆಂದಾಯಿತು. ದಾರಿಯಲ್ಲಿ ಚಪ್ಪಲಿ ಕಿತ್ತರೆ ಹೊಲಿಯುವುದಕ್ಕೆ ಬೇಕೆಂದು ಮಿಲಿಟರಿ ಬರುವುದಕ್ಕೂ ಯಾರೂ ಅಡ್ಡಿ ಹೇಳಲಿಲ್ಲ. ಅಲ್ಲಿ ಅಧ್ಯಕ್ಷರ ಬೀಗರ ಮನೆ. ಹೋಗುವಾಗ ಡ್ರಿಲ್ ಮೇಷ್ಟ್ರ 'ಲೆಫ್ಟ್ ರೈಟ್' ಕೆರೆ ಏರಿ ದಾಟುವವರೆಗೆ ಕೇಳಿಸಿತು. ಆಮೇಲೆ ಏದುಸಿರು.

ಬೀಗರು ಒಬ್ಬಟ್ಟಿನ ಊಟ ಹಾಕಿದರು. ಹನ್ನೆರಡು ಎಲೆ ಒಳಗೆ, ಶಾನುಭೋಗರ ಎಲೆಗೆ ಮಾತ್ರ ಬ್ರಾಹ್ಮಣರ ಮನೆಯಿಂದ ತರಿಸಿದ ಅಡಿಗೆ. ಹದಿಮೂರನೆಯದು ಕೊಟ್ಟಿಗೆಯ ಆಚೆ, ಹುಣಸೆಮರದ ಕೆಳಗೆ. ಒಳಗಿದ್ದವರು ಒಬ್ಬಟ್ಟಿನ ಮೇಲೆ ತುಪ್ಪ, ತುಪ್ಪದ ಮೇಲೆ ಒಬ್ಬಟ್ಟು ಎಂದು ಹಾಕಿಸಿಕೊಂಡು ಏಳಲಾರದೆ ಕೂತರು. ಬೀಗರು ಮೂರು ಗಾಡಿ ಕಟ್ಟಿಸಿದರು. ಹನ್ನೆರಡು ಜನವೂ ಗಾಡಿಯಲ್ಲಿ ಮಲಗಿ ಬಂದೆವು. ಮಿಲಿಟರಿಗೆ ಗಾಡಿ ಹತ್ತು ಎಂದವರಿಲ್ಲ. ಅವನು ಹತ್ತುವವನೂ ಅಲ್ಲ.

ಸ್ಕೂಲು ಮುಟ್ಟಿದಾಗ ಅವನು ನಮಗಿಂತ ಮೊದಲೇ ಬಂದು ಕೆಳಗಿನ ಮೆಟ್ಟಿಲ ಬಳಿ ನಿಂತು ಬೀಡಿ ಸೇದುತ್ತಿದ್ದ. ಡ್ರಿಲ್ ಮೇಷ್ಟ್ರು ಗಾಡಿಯಿಂದ ಇಳಿಯದೆಯೇ ಹಾಜರಿ ಕೂಗಿದರು. ಎಲ್ಲರೂ ಮಲಗಿದಲ್ಲಿಂದಲೇ 'ಹಾಜರ್' ಎಂದರು. ನಾನು ಬರೆದೆ: 'ಅಭ್ಯಾಸವು ಯಶಸ್ವಿಯಾಯಿತು. ಸರ್ವರೂ ಹೋಗಿಬಂದರು.'

ಸುಳ್ಳೇನಿಲ್ಲ. ಆದರೆ ಸಮೇತನಹಳ್ಳಿಯಿಂದ ನಡೆದು ಬಂದದ್ದು ಅವನು ಮತ್ತು ಆರು ಎತ್ತು.

ದೋಣಿ

ಭೂಪಟದಲ್ಲಿ ನೀಲಿ ದಾರದೆಳೆಯಂಥ ಹೊಳೆಗಳಿದ್ದವು. ನಮಗೆ ಗೊತ್ತಿದ್ದ ಹೊಳೆಯೆಂದರೆ ನಮ್ಮ ಪಿನಾಕಿನಿ. ವರ್ಷದಲ್ಲಿ ಬಹಳ ದಿನ ಮರಳು, ಚೊಂಬು ನೀರು ಬೇಕಾದರೆ ಕೈಯಲ್ಲಿ ತೋಡಬೇಕು. ಆ ಹೊಳೆಗಳು ಸಮುದ್ರ ಸೇರುವಲ್ಲಿ ಹಾಗಿರುವುದಿಲ್ಲ, ಅಗಲವಾಗಿರುತ್ತವೆ, ದೋಣಿಯಲ್ಲೇ ದಾಟಬೇಕು ಎಂದು ಮಿಲಿಟರಿ ಹೇಳಿದ.

ಜಗಲಿಯ ಮೇಲಿದ್ದವರು ಗಾಬರಿಯಾದರು. ಹೊಳೆಯ ಆಳಕ್ಕೆ ಹೆದರಿ ಅಲ್ಲ.

"ಒಂದೇ ದೋಣೀಲಾ?" ಎಂದು ಶಾನುಭೋಗರು ಕೇಳಿದರು.

"ಒಂದೇ ಸಾರ್."

ಅರ್ಧ ಗಂಟೆ ಚರ್ಚೆಯಾಯಿತು. ಮರದ ದೋಣಿಗೆ ಮೈಲಿಗೆ ಹೆಚ್ಚೋ ಕಬ್ಬಿಣದ ದೋಣಿಗೆ ಹೆಚ್ಚೋ, ಕೆಳಗೆ ನೀರು ಹರಿಯುತ್ತಿದ್ದರೆ ದೋಷ ಉಂಟೋ ಇಲ್ಲವೋ. ಕೊನೆಗೆ, ದೋಣಿಗೊಂದು ಹಗ್ಗ ಕಟ್ಟಿ ಬಿಡುವುದು, ಅವನು ಹಗ್ಗ ಹಿಡಿದುಕೊಂಡು ಹಿಂದೆ ಈಜಿಕೊಂಡು ಬರುವುದು ಎಂದು ತೀರ್ಮಾನ. ನಾನು ಬರೆಯುತ್ತಿದ್ದೆ. ಒಂದಕ್ಷರವೂ ಸೊಟ್ಟಗಾಗಲಿಲ್ಲ. ಸೊಟ್ಟಗಾಯಿತೆಂದು ಈಗ ಬರೆದರೆ ಸುಳ್ಳಾಗುತ್ತದೆ.

"ಆಗಲಿ ಸಾರ್," ಎಂದ ಮಿಲಿಟರಿ. "ಒಂದೇ ಮಾತು. ನಿಮ್ಮಲ್ಲಿ ಯಾರಿಗೂ ಈಜು ಬರಲ್ಲ. ದೋಣಿ ಮಗುಚಿದ್ರೆ ಎತ್ತೋನು ನಾನೇ. ಆಗ ಮುಟ್ಟಬಹುದಾ, ಮುಟ್ಟಬಾರದಾ, ಈಗ್ಲೇ ಬರೆಸ್ಬಿಡಿ."

ಶಾನುಭೋಗರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಹೇಳಿದರು:

"ಬರ್ಕೊಳ್ಳಯ್ಯಾ. ಪೂರ್ತಿ ಮುಳುಗಿದ ಮೇಲೆ ಮುಟ್ಟಬಹುದು."

ಎಡಗೈ

ಕೊನೆಯ ಸಭೆ. ಒಂದು ವೇಳೆ ಮಿಲಿಟರಿ ಹೇಳಿದ ಹಾಗೆ ಏರಿಯೂ ಇಲ್ಲ, ದಾರಿ ತೋರಿಸುವ ಮೈಲಿಗಲ್ಲೂ ಇಲ್ಲ ಎಂದಾದರೆ ದಾರಿ ತಪ್ಪಿದರೆ ಏನು ಗತಿ ಎಂದು ಅಧ್ಯಕ್ಷರು ಕೇಳಿದರು.

"ತಪ್ಪಲ್ಲ ಸಾರ್," ಎಂದ ಮಿಲಿಟರಿ. "ಮಂಗಳೂರಿಂದ ಹೊರಟ್ರೆ ಕಾರವಾರದವರೆಗೂ ಸಮುದ್ರ ಎಡಗೈ."

ಎಡಗೈ ಎಂದರೆ ನಮ್ಮ ಕಡೆ ಬರೀ ಕೈಯಲ್ಲ. ಜಾತಿಗಳನ್ನೆಲ್ಲ ಹಿಂದಿನವರು ಎಡಗೈ, ಬಲಗೈ ಎಂದು ಎರಡು ಪಂಗಡ ಮಾಡಿಟ್ಟಿದ್ದಾರೆ. ಗೌಡರದು ಬಲಗೈ. ಚಪ್ಪಲಿ ಹೊಲಿಯುವವರದು ಎಡಗೈ. ಎರಡರ ನಡುವೆ ಬೀದಿಗಾಗಿ, ಮೆರವಣಿಗೆಗಾಗಿ ತಲೆ ಒಡೆದುಕೊಂಡ ಕತೆಗಳು ಇನ್ನೂ ಹಸಿಯಾಗಿವೆ.

ಶಾನುಭೋಗರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಸಮುದ್ರಾನೂ ಎಡಗೈನೋರದಾ?"

"ಹಾಗಲ್ಲ ಶಾನುಭೋಗರೇ, ಎಡಗಡೆ ಅಂತ ಅವನು…" ಎಂದು ನಾನು ಬಾಯಿಬಿಟ್ಟೆ.

"ನೀನು ಬರಿ. ಮಾತಾಡ್ಬೇಡ." ಅಧ್ಯಕ್ಷರ ಮುಖ ಕೆಂಪಾಗಿತ್ತು. "ಅಷ್ಟು ದೂರ ಸಮುದ್ರಾನ ಎಡಗೈಗೆ ಬಿಟ್ಟು ಇವನನ್ನ ಮುಂದೆ ಇಟ್ಕೊಂಡು ನಡೆದ್ರೆ ನೋಡಿದೋರು ಏನಂತಾರೆ? ಎಡಗೈನೋರ ಮೆರವಣಿಗೆ ಅಂತಾರೆ."

ಭೂಪಟವನ್ನು ಮತ್ತೆ ನೋಡಿದರು. ಡ್ರಿಲ್ ಮೇಷ್ಟ್ರಿಗೇ ಹೊಳೆಯಿತು: ಕಾರವಾರದಿಂದ ಹೊರಟು ಮಂಗಳೂರಿಗೆ ಬಂದರೆ ಸಮುದ್ರ ಬಲಗಡೆ! ಚಪ್ಪಾಳೆ ಬಿತ್ತು. ಯಾತ್ರೆಯನ್ನು ತಿರುಗಿಸಿ ಬರೆದೆ. ಅದರ ಹಿಂದೆಯೇ ಅಧ್ಯಕ್ಷರು ಎರಡನೆಯ ನಿರ್ಣಯ ಹೇಳಿದರು. "ನಾವೆಲ್ಲ ಒಂದೇ ಅಂತ ಹೇಳಕ್ಕೆ ಹೋಗ್ತಿರೋದು. ಇವನನ್ನ ಕರ್ಕೊಂಡು ಹೋದ್ರೆ ನಮ್ಮಲ್ಲೇ ಒಡಕು ಬರುತ್ತೆ. ಹದಿಮೂರನೇ ಹೆಸರು ತೆಗಿ."

ಹನ್ನೊಂದು ಕೈ ಎದ್ದವು. ನನ್ನ ಕೈಯಲ್ಲಿ ಬ್ರಷ್ಷಿತ್ತು, ಆದ್ದರಿಂದ ಎತ್ತಲಿಲ್ಲ. ಅದರಲ್ಲೇ ಗೆರೆ ಎಳೆದೆ. ಆ ದುಂಡಗಿನ ಅಕ್ಷರದ ಮೇಲೆ ಈ ಕೊನೆಯಿಂದ ಆ ಕೊನೆಗೆ.

ಮಿಲಿಟರಿ ನೋಡುತ್ತ ನಿಂತಿದ್ದ. ಹೊರಡುವ ಮೊದಲು ಅಧ್ಯಕ್ಷರ ಕಡೆ ತಿರುಗಿ ಕೈ ಮುಗಿದ. ಯುದ್ಧದಿಂದ ಬಂದ ಮೇಲೆ ಮೊದಲ ಸಲ 'ಸಾರ್' ಬಿಟ್ಟು ಹಳೆಯ ಮಾತು ಆಡಿದ:

"ದಾರೀಲಿ ಹಿಂದಕ್ಕೆ ಮಾತ್ರ ತಿರುಗಬೇಡಿ ಬುದ್ಧಿ. ತಿರುಗಿದ್ರೆ ಸಮುದ್ರ ಮತ್ತೆ ನಮ್ಮೋರದಾಗ್ಬಿಡ್ತದೆ."

ಫೋಟೋ

ಮಳೆಗಾಲ ಬಂತು, ಬಿತ್ತನೆ ಬಂತು, ಮರುವರ್ಷ ಸ್ವರಾಜ್ಯವೇ ಬಂತು. ಯಾತ್ರೆ ಹೊರಡಲಿಲ್ಲ. ಆದರೆ ಸಮಿತಿ ಇದ್ದ ಮೇಲೆ ಫೋಟೋ ಬೇಕಲ್ಲ. ಕೆರೆ ತುಂಬಿದ್ದ ದಿನ ಬೆಂಗಳೂರಿನಿಂದ ಫೋಟೋದವನನ್ನು ಕರೆಸಿ, ಹನ್ನೆರಡು ಜನ ಏರಿಯ ಮೇಲೆ ಸಾಲಾಗಿ ನಿಂತೆವು. ಹಿಂದೆ ಕಣ್ಣು ಹಾಯುವಷ್ಟು ನೀರು. ಫೋಟೋ ಈಗಲೂ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿದೆ. ಚೌಕಟ್ಟಿನ ಕೆಳಗೆ 'ಕರಾವಳಿ ಪಾದಯಾತ್ರೆ' ಎಂದು ಬರೆದವನೂ ನಾನೇ. ನೋಡಿದವರೆಲ್ಲ ಸಮುದ್ರ ಎಂದೇ ನಂಬುತ್ತಾರೆ. ಹನ್ನೆರಡು ಜನರ ಕಾಲಲ್ಲೂ ಅವನು ಹೊಲಿದ ಚಪ್ಪಲಿ ಕಾಣುತ್ತದೆ. ಅವನು ಕಾಣುವುದಿಲ್ಲ.

ಹೋದ ತಿಂಗಳು ಅವನು ನನ್ನ ಅಂಗಡಿಯ ಮುಂದೆ ಬಂದು ನಿಂತ. ಅಧ್ಯಕ್ಷರ ಮನೆಗೆ ಚಪ್ಪಲಿ ಕೊಡಲು ಹೋದಾಗ ಅಂಗಳದಿಂದಲೇ ಫೋಟೋ ನೋಡಿದ್ದನಂತೆ.

"ನಂಗೇ ಗೊತ್ತಿರ್ಲಿಲ್ಲ ಬೋರ್ಡಿನೋರೇ," ಎಂದ. "ಕೊನೆಗೂ ಸಮುದ್ರಕ್ಕೆ ಏರಿ ಹಾಕ್ಬಿಟ್ರಲ್ಲಾ!"

ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಕ್ಕು ಮುಗಿದ ಮೇಲೆ ಅವನು, "ಸಂಕ್ರಾಂತಿ ಕಳೆದ ಮೇಲೆ ನಾನು ಹೊರಡ್ತೀನಿ. ಒಬ್ಬನೇ ಆದ್ರೂ ಸರಿ. ಹದಿಮೂರನೇ ಜೊತೆ ಹಂಗೇ ಇಟ್ಟಿದೀನಿ," ಎಂದ. ನಾನು ಒಳಗೆ ಹೋಗಿ ಒಂದು ಹಲಗೆ ತಂದೆ.

ಆ ಹಲಗೆ ಈಗ ನನ್ನ ಅಂಗಡಿಯ ಮುಂದೆ, ಬೀದಿಗೆ ಕಾಣುವ ಹಾಗೆ ಇದೆ. ಮೇಲೆ ಗೇಣುದ್ದದ ಅಕ್ಷರದಲ್ಲಿ ಅವನ ಹೆಸರು: ಮುನಿಶಾಮಿ. ಮಿಲಿಟರಿ ಅಲ್ಲ, ಹದಿಮೂರನೆಯವನೂ ಅಲ್ಲ. ಅದರ ಕೆಳಗೆ, ಎರಡನೆಯದಾಗಿ, ನನ್ನ ಹೆಸರು. ಅದರ ಕೆಳಗೆ ಖಾಲಿ. ಮಂಗಳೂರಿನಿಂದಲೇ ಹೊರಡುತ್ತೇವೆ, ಸಮುದ್ರ ಎಡಗೈಗೇ ಇರುತ್ತದೆ. ಒಂದೇ ಒಲೆ, ಒಂದೇ ಪಾತ್ರೆ, ಒಂದೇ ದೋಣಿ. ಹಗ್ಗ ಕಟ್ಟುವುದಿಲ್ಲ.

ಇಷ್ಟು ಹೊತ್ತು ನಕ್ಕಿರಿ. 'ನಾವೆಲ್ಲ ಒಂದೇ' ಎಂದು ನೀವೂ ಯಾವುದೋ ಸಭೆಯಲ್ಲಿ ಕೈ ಎತ್ತಿದವರೇ. ಆ ಕೈ ಇಳಿಸಿ, ಎದ್ದು ಬನ್ನಿ. ಕಾಲಿನ ಅಳತೆ ಅವನು ಮುಟ್ಟಿಯೇ ತೆಗೆದುಕೊಳ್ಳಲಿ. ಬಣ್ಣ ಕಲಸಿಟ್ಟಿದ್ದೇನೆ, ಹಲಗೆಯಲ್ಲಿ ಜಾಗ ಇದೆ. ಮುನಿಶಾಮಿಯ ಹೆಸರಿನ ಕೆಳಗೆ ನಿಮ್ಮ ಹೆಸರು ಬರೆಸಿ.